ಒಪ್ಪಿಗೆ ಕೇಳುತ್ತಿದ್ದ ವಕೀಲರು

1964ರ ಮಳೆಗಾಲದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿಯ ನೀರು ನಿಂತಿತು. ಸಾಗರದ ಕೋರ್ಟಿನ ಬೀದಿಯಲ್ಲಿ, ವಕೀಲರ ಜಗಲಿಯ ಮೇಲೆ ಪ್ರತಿ ಶನಿವಾರ ಸಂಜೆ ಸೇರುತ್ತಿದ್ದ ಕೂಟ ಅದರ ಹಿಂದಿನ ವರ್ಷದ ಬೇಸಿಗೆಯಲ್ಲೇ ಮುರಿದಿತ್ತು.

ವಕೀಲರ ಕರಿ ಕೋಟಿನ ಬಲ ಮೊಳಕೈ ಸವೆದು ನೂಲು ಕಾಣುತ್ತಿತ್ತು. ಎಡ ಮೊಳಕೈ ಮಾತ್ರ ಹೊಲಿಸಿದ ದಿನದಷ್ಟೇ ಕಪ್ಪಗಿತ್ತು. ಯಾರು ಮಾತಾಡಿದರೂ ಅವರು ಕುರ್ಚಿಯ ತೋಳಿಗೆ ಬಲ ಮೊಳಕೈ ಊರಿ, ಗಲ್ಲವನ್ನು ಮುಷ್ಟಿಯ ಮೇಲಿಟ್ಟು, ಆ ಮಾತು ಮುಗಿಯುವ ತನಕ ಅಲುಗದೆ ಕೇಳುತ್ತಿದ್ದರು. ಮನೆಗೆ ಬಂದರೂ ಕೋಟು ತೆಗೆಯುತ್ತಿರಲಿಲ್ಲ. ತೆಗೆದು ಇಡಲು ಹೇಳುವವರು ಒಳಗೆ ಯಾರೂ ಇರಲಿಲ್ಲ. ಊರು ತೀರ್ಥಹಳ್ಳಿ. ಹೆಂಡತಿ ಅಲ್ಲೇ, ಮದುವೆಯಾದ ಮರುವರ್ಷ ತೀರಿಕೊಂಡಿದ್ದರು. ವಾರದ ಉಳಿದ ದಿನಗಳಲ್ಲಿ ಅವರು ಕೋರ್ಟಿನ ಹೊರಗೆ ಯಾರೊಡನೆಯೂ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಶನಿವಾರವೇ ಅವರ ಸಂಸಾರ.

ನಾನಾಗ ಶಿವಮೊಗ್ಗದ ಪತ್ರಿಕೆಯೊಂದಕ್ಕೆ ಸಾಗರದಿಂದ ಸುದ್ದಿ ಕಳಿಸುತ್ತಿದ್ದೆ. ಊರಿನ ಹೋಟೆಲುಗಳಲ್ಲಿ ಎಲ್ಲಿ ಕುಳಿತರೂ ಸಮಾಜವಾದದ ಚರ್ಚೆ. ಉಳುವವನಿಗೆ ಭೂಮಿ ಕೊಡಬೇಕು, ಸರ್ಕಾರವೇ ನಿಂತು ಕೊಡಿಸಬೇಕು ಎಂಬ ಮಾತು. ವಕೀಲರ ಜಗಲಿಯಲ್ಲಿ ಮಾತ್ರ ಸರ್ಕಾರ ದೂರ ಇದ್ದಷ್ಟೂ ಒಳ್ಳೆಯದು ಎನ್ನುವವರು ಕೂಡುತ್ತಿದ್ದರು. ಊರವರು ಅದಕ್ಕೆ ‘ಸರ್ಕಾರ ಬೇಡದವರ ಸಂಘ’ ಎಂದು ಹೆಸರಿಟ್ಟಿದ್ದರು.

ಸಂಘದಲ್ಲಿದ್ದವರು ನಾಲ್ವರು: ವಕೀಲರು, ಅಕ್ಕಿ ಮಂಡಿಯವರು, ತೋಟದ ಯಜಮಾನರು, ಖಾದಿ ಭಂಡಾರದ ಹಿರಿಯರು. ಕುರ್ಚಿಗಳೂ ನಾಲ್ಕು. ನನಗೆ ಗೋಡೆ ಬದಿಯ ಬೆಂಚು. ಕಾಫಿಯನ್ನು ವಕೀಲರೇ ಸೀಮೆಎಣ್ಣೆ ಸ್ಟೌ ಮೇಲೆ ಮಾಡಿ, ಸಕ್ಕರೆ ಹಾಕದೆ ತರುತ್ತಿದ್ದರು. ಸಕ್ಕರೆಯ ಡಬ್ಬಿಯನ್ನು ನಡುವೆ ಇಟ್ಟು, “ಇದರಲ್ಲಿ ನಾನು ಕೈ ಹಾಕಲ್ಲ. ನಿಮ್ಮ ನಿಮ್ಮ ಸ್ವಾತಂತ್ರ್ಯ” ಎನ್ನುತ್ತಿದ್ದರು. ಸಕ್ಕರೆ ರೇಷನ್ನಿನಲ್ಲಿ ಬರುತ್ತಿದ್ದ ಕಾಲ. ಅಕ್ಕಿ ಮಂಡಿಯವರು ಆ ಸ್ವಾತಂತ್ರ್ಯವನ್ನು ಮೂರು ಚಮಚ ಬಳಸಿಕೊಳ್ಳುತ್ತಿದ್ದರು.

ಜಗಲಿಗೆ ಹೊಸದಾಗಿ ಬಂದ ಯಾರನ್ನೇ ಆಗಲಿ ವಕೀಲರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ನಿಮ್ಮನ್ನ ಮೊದಲು ತಡೆದೋರು ಯಾರು?”

ನನಗೆ ಅದರ ಅರ್ಥ ಹೀಗೆ ಬಿಡಿಸಿ ಹೇಳಿದ್ದರು: “ಪುಸ್ತಕ ಓದಿ ಯಾರೂ ಸ್ವಾತಂತ್ರ್ಯವಾದಿ ಆಗಲ್ಲ. ಪುಸ್ತಕ ಆಮೇಲೆ ಬರುತ್ತೆ. ಮೊದಲು ಎಲ್ಲೋ ಒಂದು ಕಡೆ ತಡೆ ಬಿದ್ದಿರುತ್ತೆ. ತಡೆ ಬಿದ್ದ ಜಾಗ ಬೇರೆ ಬೇರೆ. ಅದಕ್ಕೇ ನಾವು ನಾಲ್ವರೂ ಒಂದೇ ಶಬ್ದ ಹೇಳಿದ್ರೂ ನಾಲ್ಕು ಅರ್ಥ.”

ಅಕ್ಕಿ ಮಂಡಿಯವರಿಗೆ ತಡೆ ಬಿದ್ದದ್ದು ಆಗುಂಬೆಯ ಚೆಕ್‌ಪೋಸ್ಟಿನಲ್ಲಿ. ಪರ್ಮಿಟ್ಟಿನಲ್ಲಿ ಏನೋ ತಪ್ಪಿದೆ ಎಂದು ಅಕ್ಕಿಯ ಲಾರಿಯನ್ನು ಘಟ್ಟ ಇಳಿಯಲು ಬಿಡದೆ ನಿಲ್ಲಿಸಿದ್ದರು. ಆಗುಂಬೆಯ ಮಳೆಗೆ ಚೀಲದಲ್ಲೇ ಅಕ್ಕಿ ಮುಗ್ಗಿಹೋಗಿತ್ತು. ಕೊಳ್ಳುವವನಿಗೂ ಮಾರುವವನಿಗೂ ನಡುವೆ ಯಾರೂ ನಿಲ್ಲಬಾರದು ಎಂಬುದು ಅವರ ಸಿದ್ಧಾಂತ. ತೋಟದ ಯಜಮಾನರಿಗೆ ಶರಾವತಿ ದಂಡೆಯಲ್ಲಿ ಗದ್ದೆಗಳಿದ್ದವು. ಸರ್ವೆಯವರು ಕೇಳದೆಯೇ ಗದ್ದೆಗೆ ಇಳಿದು ಕಲ್ಲು ನೆಟ್ಟ ದಿನ ಅವರು ಸಂಘಕ್ಕೆ ಬಂದವರು. ತನ್ನದು ತನ್ನದೇ, ಅದನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ ಎನ್ನುತ್ತಿದ್ದರು. ಖಾದಿ ಭಂಡಾರದ ಹಿರಿಯರು ಇಬ್ಬರಿಗಿಂತ ಮುಂದೆ ಹೋಗಿದ್ದರು. ಬ್ರಿಟಿಷರ ಕಾಲದಲ್ಲಿ ತಮ್ಮನ್ನು ಜೈಲಿನಲ್ಲಿ ದಿನಾ ಎಣಿಸುತ್ತಿದ್ದ ಜೈಲರನೇ ಸ್ವಾತಂತ್ರ್ಯ ಬಂದ ಮೇಲೆ ಬಡ್ತಿ ಪಡೆದದ್ದನ್ನು ಕಂಡಿದ್ದರು. ಪೊಲೀಸು, ಕೋರ್ಟು, ಕಂದಾಯ ಯಾವುದೂ ಬೇಡ, ಹಳ್ಳಿ ತನ್ನನ್ನು ತಾನೇ ನೋಡಿಕೊಳ್ಳಲಿ ಎಂಬುದು ಅವರ ನಿಲುವು.

“ಕೋರ್ಟೇ ಬೇಡ ಅಂದ್ರೆ ನಾನೆಲ್ಲಿಗೆ ಹೋಗ್ಲಿ ಹಿರಿಯರೇ?” ಎಂದು ವಕೀಲರು ಕೇಳಿದರೆ, “ನೂಲು ತೆಗೀರಿ. ನಾನು ಚರಕ ಕೊಡ್ತೀನಿ” ಎಂದು ಹಿರಿಯರು ಹೇಳುತ್ತಿದ್ದರು.

ವಕೀಲರಿಗೆ ತಡೆ ಬಿದ್ದ ಜಾಗ ಬೇರೆ. ಐವತ್ತರ ದಶಕದ ಮೊದಲಲ್ಲಿ ಗೇಣಿದಾರರು ಒಡೆಯರ ಗದ್ದೆಗೆ ಇಳಿದು ಸತ್ಯಾಗ್ರಹ ಮಾಡಿದಾಗ ಪೊಲೀಸರು ಅವರನ್ನು ಲಾರಿಗಳಲ್ಲಿ ತುಂಬಿ ಒಯ್ದರು. ಬಿಡಿಸಲು ಹೋದವರು ಇವರು. ಅಧಿಕಾರಿ ಇವರನ್ನು ಮಾತಾಡಿಸದೆ ಸಂಜೆಯವರೆಗೆ ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದನಂತೆ. ಇದು ಕೇಳಿದ್ದು, ಕಂಡದ್ದಲ್ಲ. ಒಬ್ಬನ ಒಪ್ಪಿಗೆ ಇಲ್ಲದೆ ಅವನ ಮೈಯನ್ನೂ ಅವನ ದುಡಿಮೆಯನ್ನೂ ಮುಟ್ಟಬಾರದು ಎಂಬುದೊಂದನ್ನೇ ಅವರು ಅಲ್ಲಿಂದ ಹಿಡಿದುಕೊಂಡು ಬಂದದ್ದು.

ಆದ್ದರಿಂದಲೇ ಅಣೆಕಟ್ಟೆಗೆಂದು ತೋಟದ ಯಜಮಾನರ ಗದ್ದೆಗಳಿಗೆ ನೋಟಿಸು ಬಂದಾಗ ವಕೀಲರು ಅವರ ಪರ ನಿಂತರು. ಹೋಟೆಲಿನ ಸಮಾಜವಾದಿಗಳು, “ಬಂದ್ರಪ್ಪ, ಒಡೇರ ವಕೀಲ್ರು! ಗೇಣಿದಾರರ ಕೋಟು ಬಿಚ್ಚಿಟ್ಟು ಬಂದ್ರಾ?” ಎಂದು ಕೆಣಕಿದರು. “ಕೋಟು ಅದೇ. ಮೊಳಕೈ ನೋಡ್ಕಳಿ” ಎಂದು ವಕೀಲರು ತೋಳು ಮುಂದೆ ಚಾಚಿದರು. ಎಲ್ಲರೂ ನಕ್ಕರು. ಆದರೆ ಆ ಮೇಜಿನಲ್ಲಿ ಜಾಗ ಇದೆ ಎಂದು ಯಾರೂ ಹೇಳಲಿಲ್ಲ. ನಾನೂ ವಕೀಲರೂ ಬೇರೆ ಮೇಜಿಗೆ ಹೋದೆವು.

1963ರ ಬೇಸಿಗೆಯ ಒಂದು ಶನಿವಾರ ಯಜಮಾನರು ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಹೇಳಿದರು: “ಒಪ್ಪಿಬಿಟ್ಟೆ ವಕೀಲ್ರೇ. ಎಷ್ಟು ದಿನ ಅಂತ ಗುದ್ದಾಡೋದು? ಪರಿಹಾರ ಪರವಾಗಿಲ್ಲ.”

ವಕೀಲರು, “ನಿಮ್ಮ ಜಮೀನು, ನಿಮ್ಮ ಒಪ್ಪಿಗೆ” ಎಂದರು.

ಮಾತು ಅಲ್ಲಿಗೆ ಮುಗಿಯುತ್ತಿತ್ತೇನೋ. ಅಷ್ಟರಲ್ಲಿ ಅಂಗಳಕ್ಕೆ ಒಬ್ಬ ಬಂದು ನಿಂತ. ಹೆಗಲ ಮೇಲೆ ಕಂಬಳಿ, ನರೆತ ಮೀಸೆ. ಯಜಮಾನರ ಆ ಗದ್ದೆಗಳನ್ನು ಅವನ ಅಜ್ಜನ ಕಾಲದಿಂದ ಗೇಣಿಗೆ ಮಾಡುತ್ತಿದ್ದ ಮನೆಯವನು. ಜಗಲಿಯಲ್ಲಿ ಯಜಮಾನರು ಇರುವುದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

“ಏನು ಬಂದೆ?” ಎಂದು ವಕೀಲರು ಕೇಳಿದರು.

“ಗದ್ದೆ ಮುಳುಗ್ತದಂತೆ. ಒಡೇರು ಹೂಂ ಅಂದ್ರಂತೆ. ನಂಗೆ ಗೊತ್ತಾಗಿದ್ದು ನಿನ್ನೆ, ಅದೂ ಸಂತೇಲಿ.”

“ಮೇಲೆ ಬಾ. ಕೂತ್ಕಂಡು ಹೇಳು.” ವಕೀಲರು ಎದ್ದು ತಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದರು.

“ಬ್ಯಾಡ ಅಯ್ಯ. ನಿಂತೇ ಹೇಳ್ತೀನಿ.”

ಎಳೆದ ಕುರ್ಚಿಯನ್ನು ಕಂಡು ಯಜಮಾನರು ಖಾದಿ ಹಿರಿಯರ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ, “ಇದೆಂತದು, ಹೀಂಗೂ ಇದ್ದಾ?” ಎಂದು ಗೊಣಗಿದರು.

ವಕೀಲರು ಕೂರಲಿಲ್ಲ. ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನು ಅವನಿಗೂ ಕೇಳಿದರು: “ನಿನ್ನನ್ನ ಮೊದಲು ತಡೆದೋರು ಯಾರು?”

ಗೇಣಿದಾರ ಸ್ವಲ್ಪ ಯೋಚಿಸಿದ. “ಸರ್ಕಾರದೋರ ಮುಖ ನಾನು ನೋಡಿದ್ದೇ ಈ ವರ್ಷ. ಅದಕ್ಕೂ ಮುಂಚೆ ಅಂದ್ರೆ...” ಎಂದವನು ಯಜಮಾನರ ಕಡೆ ಕೈ ತೋರಿಸಲಿಲ್ಲ, ನೋಡಿದ ಅಷ್ಟೆ. “ಇವ್ರೇ ಅಲ್ವಾ ಅಯ್ಯ?”

ಯಜಮಾನರು ಎದ್ದರು. “ನಿಮ್ಮ ಪ್ರಶ್ನೆ ಚೆನ್ನಾಗಿದೆ ವಕೀಲ್ರೇ” ಎಂದು ಶಾಲು ಹೆಗಲಿಗೆ ಹಾಕಿಕೊಂಡು ಅವನ ಪಕ್ಕದಲ್ಲೇ ಅಂಗಳ ದಾಟಿ ಹೋದರು. ಮತ್ತೆ ಆ ಜಗಲಿ ಹತ್ತಲಿಲ್ಲ.

ಮುಂದಿನ ವಾರ ವಕೀಲರು ಗೇಣಿದಾರನ ಪರವಾಗಿ ಪರಿಹಾರದ ಅಧಿಕಾರಿಯ ಮುಂದೆ ತಕರಾರು ಹಾಕಿದರು. ದುಡಿದವನ ಒಪ್ಪಿಗೆಯನ್ನೂ ಕೇಳಬೇಕಿತ್ತು, ಪರಿಹಾರದಲ್ಲಿ ಅವನಿಗೂ ಪಾಲಿದೆ ಎಂಬುದು ವಾದ. ಅಕ್ಕಿ ಮಂಡಿಯವರು ಬರುವುದನ್ನು ನಿಲ್ಲಿಸಿದರು. ಯಜಮಾನರ ಭತ್ತ ಅವರ ಮಂಡಿಗೇ ಬರುತ್ತಿತ್ತು. “ನಂಗೆ ಯಾರ ಮೇಲೂ ಸಿಟ್ಟಿಲ್ಲ. ವ್ಯಾಪಾರ ನೋಡಿ” ಎಂದು ನನ್ನೊಡನೆ ಹೇಳಿದರು. ಕೊನೆಯವರೆಗೆ ಉಳಿದವರು ಖಾದಿ ಹಿರಿಯರು. ಅವರು ಬಿಟ್ಟದ್ದು ಬೇರೆ ಕಾರಣಕ್ಕೆ.

“ಸರ್ಕಾರ ಬೇಡ ಅಂದೋರು ಸರ್ಕಾರದ ಬಾಗಿಲಿಗೇ ಹೋದ್ರಲ್ಲ? ಯಜಮಾನರ ಮನಸ್ಸು ತಿರುಗಿಸ್ಬೇಕಿತ್ತು.”

“ತಿರುಗೋ ತನಕ ನೀರು ಕಾಯುತ್ತಾ ಹಿರಿಯರೇ?”

ಹಿರಿಯರು ಕಾಫಿಗೆ ನಿಲ್ಲದೆ ಮೆಟ್ಟಿಲಿಳಿದು ಹೋದರು. ಆ ಶನಿವಾರ ನಾನೂ ವಕೀಲರೂ ಇಬ್ಬರೇ ಕಾಫಿ ಕುಡಿದೆವು. ಸಕ್ಕರೆ ಡಬ್ಬಿ ಅಡುಗೆಮನೆಯಲ್ಲೇ ಉಳಿದಿತ್ತು. ತರುತ್ತೇನೆ ಎಂದು ನಾನು ಎದ್ದಾಗ, “ಇರಲಿ ಬಿಡಿ” ಎಂದರು.

ತಕರಾರು ಬಿದ್ದುಹೋಯಿತು. ಗೇಣಿ ಬಾಯಿಮಾತಿನದು, ಅದಕ್ಕೆ ಆಧಾರವಿರಲಿಲ್ಲ. ಸಮಾಜವಾದಿ ಗೆಳೆಯರು ತಮ್ಮ ಸಭೆಯಲ್ಲಿ ಆ ಗೇಣಿದಾರನ ವಿಷಯ ಎತ್ತಿದರು. ವಕೀಲರನ್ನು ಕರೆಯಲಿಲ್ಲ. ನೀರು ಬಂದ ವರ್ಷ ನಮ್ಮ ಪತ್ರಿಕೆಯಲ್ಲಿ, ನಾನು ಕಳಿಸಿದ ಸುದ್ದಿಯಲ್ಲೇ, ‘ಮುಳುಗಡೆಗೆ ಜನ ಒಪ್ಪಿದ್ದಾರೆ’ ಎಂದು ಅಚ್ಚಾಯಿತು. ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟು, “ಯಾವ ಜನ? ಹೋಗಿ ಕೇಳಿದೋರು ಯಾರು?” ಎಂದರು. ನಂತರ ನಾನು ಕಳಿಸಿದ ಯಾವ ಸುದ್ದಿಯಲ್ಲೂ ಆ ವಾಕ್ಯ ಇಲ್ಲ.

ಒಂದೆರಡು ವರ್ಷದ ಮೇಲೆ ನಾವಿಬ್ಬರೂ ಹೊಸನಗರದ ಕಡೆ ಹೋಗಿ ಗೇಣಿದಾರನನ್ನು ಹುಡುಕಿದೆವು. ಕಾಡಂಚಿನಲ್ಲಿ ಗುಡಿಸಲು ಹಾಕಿ, ಒಂದಿಷ್ಟು ನೆಲ ಸಮ ಮಾಡಿಕೊಂಡಿದ್ದ. ಗುಡಿಸಲಿನಿಂದ ಒಂದು ಚಾಪೆ ತಂದು ವಕೀಲರಿಗೆ ಹಾಸಿದ. ತಾನು ನಿಂತ.

“ನೀನು ನಿಂತ್ರೆ ನಾನೂ ನಿಲ್ತೀನಿ” ಎಂದರು ವಕೀಲರು. ಇಬ್ಬರೂ ನಿಂತೇ ಮಾತಾಡಿದರು.

“ಇಲ್ಲಿ ಒಡೇರಿಲ್ಲ, ಆರಾಮು” ಎಂದ ಅವನು. “ಫಾರೆಸ್ಟ್ ಗಾರ್ಡ್ ಒಬ್ಬ ಬರ್ತಾನೆ. ಜಾಗ ಖಾಲಿ ಮಾಡು ಅಂತಾನೆ. ಹೋಗ್ತಾ ಒಂದು ಕೋಳಿ ತಗೊಂಡು ಹೋಗ್ತಾನೆ.”

“ಒಪ್ಪಿಗೆ ಕೇಳ್ತಾನಾ?”

“ಯಾರ್ದು ಅಯ್ಯ, ನಂದಾ, ಕೋಳೀದಾ?”

ವಕೀಲರು ಜೋರಾಗಿ ನಕ್ಕರು. ಜಗಲಿ ಖಾಲಿಯಾದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಸಾಗರದಲ್ಲಿ ಇಳಿಯುವಾಗ, “ಅವನನ್ನ ನಾನು ಮೊದಲೇ ಕೇಳ್ಬೇಕಿತ್ತು, ನೋಟಿಸು ಬಂದ ದಿನವೇ” ಎಂದರು.

ಅರವತ್ತರ ದಶಕದ ಕೊನೆಯ ಚಳಿಗಾಲದಲ್ಲಿ ವಕೀಲರು ತೀರಿಕೊಂಡರು. ತೀರ್ಥಹಳ್ಳಿಯಿಂದ ತಮ್ಮನ ಮಗ ಬರುವ ತನಕ ದೇಹವನ್ನು ಜಗಲಿಯಲ್ಲಿ ಮಲಗಿಸಿದ್ದರು. ಬಂದವರು ಕಡಿಮೆ. ಖಾದಿ ಹಿರಿಯರು ನೂಲಿನ ಹಾರ ತಂದಿದ್ದರು. ಅಕ್ಕಿ ಮಂಡಿಯವರು ಅಂಗಡಿಯ ಆಳನ್ನು ಕಳಿಸಿದ್ದರು. ತೋಟದ ಯಜಮಾನರು ಬಂದರು, ಜಗಲಿ ಹತ್ತದೆ ಅಂಗಳದಲ್ಲೇ ನಿಂತರು.

ಗೇಣಿದಾರ ಹೊಸನಗರದಿಂದ ಬೆಳಗಿನ ಬಸ್ಸಿಗೆ ಬಂದ. ಕಂಬಳಿಯನ್ನು ಮೆಟ್ಟಿಲ ಬಳಿ ಇಟ್ಟು ಮೇಲೆ ಹತ್ತಿದ. ಅವನಿಗೆ ಕೂರು ಎಂದು ಯಾರೂ ಹೇಳಲಿಲ್ಲ. ಗೋಡೆಗೆ ಒರಗಿಸಿದ್ದ ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ವಕೀಲರ ತಲೆಯ ಹತ್ತಿರ ಕುಳಿತ. ದೇಹವನ್ನು ಎತ್ತುವ ತನಕ ಕುಳಿತೇ ಇದ್ದ. ಆಮೇಲೆ ಎದ್ದು, ಕುರ್ಚಿಯನ್ನು ಇದ್ದಲ್ಲಿಗೇ ಇಟ್ಟು, ಹೆಗಲು ಕೊಡಲು ಹೋದ.