ಡಬ್ಬದ ತಳದ ಬೂದು ಬಣ್ಣ

ನಮ್ಮ ಭಾವ ಮೂವತ್ತು ವರ್ಷದಿಂದ ಮನೆಗಳಿಗೆ ಬಣ್ಣ ಹೊಡೆಯುತ್ತಾರೆ. ಡಬ್ಬದ ತಳದಲ್ಲಿ ಮಿಕ್ಕಿದ್ದನ್ನು ತಂದು ತಮ್ಮ ಮನೆಯ ಗೋಡೆಗೆ ಹಚ್ಚುವುದು ಅವರ ಪದ್ಧತಿ. ಹಾಗಾಗಿ ಅವರ ಮನೆಯಲ್ಲಿ ಒಂದು ಗೋಡೆ ಗುಲಾಬಿ, ಇನ್ನೊಂದು ನೀಲಿ. ಅಡುಗೆಮನೆಗೆ ಮಾತ್ರ ನಮ್ಮಕ್ಕ ಹಟ ಹಿಡಿದು, ಅಂಗಡಿಯಿಂದ ಹೊಸ ಡಬ್ಬ ತರಿಸಿ ಗಿಳಿಹಸಿರು ಹೊಡೆಸಿಕೊಂಡಿದ್ದಳು. "ಊರೋರ ಎಂಜಲು ಬಣ್ಣ ನನ್ನ ಒಲೆ ಮುಂದೆ ಬೇಡ," ಅಂದಿದ್ದಳು.

ಈಗ ಯಾರನ್ನು ಕೇಳಿದರೂ ಬೂದು ಬಣ್ಣವೇ ಬೇಕಂತೆ. ಮಿಕ್ಕುವುದೂ ಅದೇ. ಭಾವನ ಮನೆ ಗೋಡೆ ಗೋಡೆಯಾಗಿ ಬೂದಾಯಿತು. ಅಕ್ಕ ತೀರಿಕೊಂಡ ಮೇಲೆ, ಅಡುಗೆಮನೆ ಮುಟ್ಟಬೇಡಿ ಎಂದು ಬೇಡಿಕೊಂಡಿದ್ದೆ.

ಮೊನ್ನೆ ಹೋದರೆ ಅದೂ ಬೂದು.

"ತಲೆ ನೆಟ್ಟಗಿದ್ಯಾ ಭಾವ? ಅಕ್ಕನ ಗೋಡೆ ಅದು!" ಎಂದು ಕೂಗಾಡಿದೆ.

"ಅರ್ಧ ಡಬ್ಬ ಮಿಕ್ಕಿತ್ತು ಕಣೋ. ಬೇರೆ ಗೋಡೆ ಉಳಿದಿರ್ಲಿಲ್ಲ."

ಒಲೆಯ ಹಿಂದೆ ಅಂಗೈಯಗಲ ಹಸಿರು ಉಳಿದಿತ್ತು. ಬೆರಳು ಮಾಡಿ ತೋರಿಸಿದೆ.

"ಅಯ್ಯೋ, ಅದೊಂದು ಬಿಟ್ಟೋಯ್ತಾ?" ಎನ್ನುತ್ತಾ ಭಾವ ಬ್ರಷ್ ತೆಗೆದುಕೊಂಡರು.

ನಾನು ಕಿತ್ತುಕೊಂಡೆ. ಅವರು ಕೈ ತೊಳೆದುಕೊಂಡು ಟೀಗೆ ನೀರಿಟ್ಟರು.