ನೊರೆ ಇಳಿಸುವ ಎಣ್ಣೆ

ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ನೊರೆಯಣ್ಣ ಎಂದೇ ಕರೆಯುತ್ತಿದ್ದರು. ಗೋಡೆಯ ಬಣ್ಣವನ್ನು ದೊಡ್ಡ ತೊಟ್ಟಿಯಲ್ಲಿ ಕಲಕುವಾಗ ಗಾಳಿ ಸೇರಿ ನೊರೆ ಉಕ್ಕುತ್ತದೆ. ಆ ನೊರೆಯ ಗುಣ ಅವರಿಗೆ ಕರತಲಾಮಲಕ. ದೊಡ್ಡ ಗುಳ್ಳೆ ತಾನೇ ಒಡೆಯುತ್ತದೆ, ಸಣ್ಣದು ಹಟ ಹಿಡಿಯುತ್ತದೆ. ವೇಗ ತಗ್ಗಿಸಿ ಕಾದರೆ ಅದೂ ಸೋಲುತ್ತದೆ. ಹೊಸಬರಿಗೆ ಪಾಠ ಹೇಳುವಾಗ ಅವರ ಗತ್ತು ನೋಡಬೇಕಿತ್ತು.

"ನೊರೆ ಇಳಿಸೋ ಎಣ್ಣೆ ಒಂದೇ ಮುಚ್ಚಳ ಹಾಕ್ಬೇಕು. ಜಾಸ್ತಿಯಾದ್ರೆ ಬಣ್ಣ ಗೋಡೆ ಮೇಲೆ ಕೂಡಿಕೊಳ್ಳಲ್ಲ, ಸಿಡುಬಿನ ಕಲೆ ಥರ ಕುಳಿ ಬೀಳತ್ತೆ."

ಇಷ್ಟೆಲ್ಲ ತಿಳಿದ ಮಹಾಶಯರು ಒಂದು ಸಂಜೆ, ಬಸ್ಸು ತಪ್ಪೀತೆಂದು, ಎಣ್ಣೆಯನ್ನು ಡಬ್ಬದಿಂದಲೇ ಬಗ್ಗಿಸಿಬಿಟ್ಟರು. ನೊರೆ ಕಣ್ಣೆದುರೇ ಇಳಿಯಿತು. ಶಿಳ್ಳೆ ಹಾಕುತ್ತಾ ಮನೆಗೆ ಹೋದರು.

ಕೆಲವು ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಹೆಂಡತಿ ಹೇಳಿದರು: "ರೀ, ನನ್ನ ತಮ್ಮನ ಕೆಲಸಕ್ಕೆ ಕುತ್ತು ಬಂದಿದೆ. ಶಾಲೆ ಗೋಡೆ ತುಂಬಾ ಕುಳಿ ಬಿದ್ದಿದೆಯಂತೆ. ತೊಳೀದೇ ಬಣ್ಣ ಬಳಿದ ಅಂತ ಬೈತಿದ್ದಾರೆ. ಒಂದ್ಸಲ ಹೋಗಿ ನೋಡ್ರೀ."

ನೊರೆಯಣ್ಣ ಅರ್ಧ ಊಟಕ್ಕೇ ಕೈ ತೊಳೆದು ಹೊರಟರು.

ಶಾಲೆಯ ಮೊಗಸಾಲೆಯಲ್ಲಿ ಭಾಮೈದ ಮರಳು ಕಾಗದ ಹಿಡಿದು ಗೋಡೆ ಉಜ್ಜುತ್ತಿದ್ದ. ಮೂಲೆಯಲ್ಲಿದ್ದ ಬಣ್ಣದ ಡಬ್ಬದ ಮೇಲೆ, ಎಣ್ಣೆ ಬಗ್ಗಿಸಿದ ಆ ಸಂಜೆಯದೇ ತಾರೀಖು ಇತ್ತು.

"ಎರಡು ಸಲ ತೊಳೆದಿದ್ದೆ ಭಾವ. ನನ್ನ ಕೈಗೇ ಏನೋ ಆಗಿದೆ. ಬಣ್ಣಾನೇ ಸರಿಯಿಲ್ವೇನೋ ಅಂದ್ರು ಹೆಡ್ ಮೇಷ್ಟ್ರು. ನನಗೆ ಸಿಟ್ಟು ಬಂತು. ಅದು ನಮ್ಮ ಭಾವ ಮಾಡಿದ ಬಣ್ಣ ಸಾರ್, ಅದರ ಬಗ್ಗೆ ಮಾತಾಡ್ಬೇಡಿ ಅಂದೆ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನೊರೆಯಣ್ಣನಿಗೆ. ಅಷ್ಟು ಜನಕ್ಕೆ ಪಾಠ ಹೇಳಿದ್ದ ಬಾಯಿಗೆ ಈಗ ನಾಲ್ಕು ಮಾತು ಹೊರಡಿಸುವುದೇ ಕಷ್ಟವಾಯಿತು.

"ತಪ್ಪು ನಿನ್ನದಲ್ಲ. ಎಣ್ಣೆ ಜಾಸ್ತಿ ಸುರಿದಿದ್ದು ನಾನು," ಎಂದರು, ಮೆಲ್ಲಗೆ.

ಭಾಮೈದನ ಕೈ ನಿಂತಿತು. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನನಗೆ ಹೇಳಿದ್ರಲ್ಲ, ಸಂತೋಷ," ಎಂದ. "ಹೆಡ್ ಮೇಷ್ಟ್ರು ಪಕ್ಕದ ಕೋಣೇಲೇ ಇದ್ದಾರೆ ಭಾವ."

ನೊರೆಯಣ್ಣ ಕೋಣೆಯ ಬಾಗಿಲಲ್ಲಿ ನಿಂತರು.

"ಯಾರು ನೀವು?" ಎಂದರು ಹೆಡ್ ಮೇಷ್ಟ್ರು.

"ಬಣ್ಣ ಬಳಿದ ಹುಡುಗನ ಭಾವ."

ಮುಂದಿನ ಮಾತು ನಾಲಿಗೆಯ ಮೇಲೇ ಉಳಿಯಿತು. ಹಿಂದೆ, ಗೋಡೆ ಉಜ್ಜುವ ಸದ್ದು ಮತ್ತೆ ಶುರುವಾಯಿತು. ತಪ್ಪೊಪ್ಪಿಕೊಳ್ಳುವುದು ಇವರಿಂದ ಆಗುವುದಿಲ್ಲ ಎಂದು ಭಾಮೈದ ಆಗಲೇ ತೀರ್ಮಾನಿಸಿದ್ದ. ನಾಚಿಕೆ ನೆತ್ತಿಗೇರಿತು.

"ಆ ಬಣ್ಣ ಕೆಡಿಸಿದವನೂ ನಾನೇ ಸಾರ್," ಎಂದರು ನೊರೆಯಣ್ಣ, ಮೊಗಸಾಲೆಗೆಲ್ಲ ಕೇಳುವ ಹಾಗೆ.

ಉಜ್ಜುವ ಸದ್ದು ನಿಂತಿತು.