ಮುರಿಯದೆ ಬಿಟ್ಟ ಟೊಂಗೆ

ಒಂದು ಹಸಿ ಟೊಂಗೆ ಮುರಿದು ನಾನು ದಾರಿಯಲ್ಲಿ ಇಡಬೇಕಾಗಿತ್ತು. ಇಡಲಿಲ್ಲ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಬರೆಯುವುದು ಅಷ್ಟಾಗಿ ಬರುವುದಿಲ್ಲ. ಆದರೂ ಇದನ್ನು ಬರೆಯದೆ ಇರಲಾಗುವುದಿಲ್ಲ ಅನ್ನಿಸಿದ್ದು ಈ ಬೇಸಿಗೆಯಲ್ಲಿ, ಮಿಶ್ರಿಕೋಟಿಯ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬಳು ಬುಟ್ಟಿ ತುಂಬ ಕವಳಿ ಹಣ್ಣು ಇಟ್ಟುಕೊಂಡು ಕೂತಿದ್ದಳು. ಬಿಸಿಲಿಗೆ ಹಣ್ಣು ಒಡೆದು ಹುಳಿ ವಾಸನೆ ಬರುತ್ತಿತ್ತು. ಆ ವಾಸನೆಗೆ ಮಂದಿಯ ಬಾಯಲ್ಲಿ ನೀರೂರುತ್ತದೆ. ನನಗೆ ಕರಡಿಯ ಹೇಲು ನೆನಪಾಯಿತು. ಅದರ ಹಿಂದೆಯೇ ಅಕ್ಕ...

ಎಂಬತ್ತರ ದಶಕದ ಮಾತು. ನನ್ನ ತವರೂರು ಕಲಘಟಗಿಯಿಂದ ಆಚೆ, ಹೊಲ ಮುಗಿದು ಅಡವಿ ಶುರುವಾಗುವಲ್ಲಿ ಇದೆ. ಬೇಸಿಗೆ ಬಂತೆಂದರೆ ನಮ್ಮ ಓಣಿಯ ಹೆಂಗಸರೆಲ್ಲ ಮುತ್ತಲ ಎಲೆ ತರಲು ಅಡವಿಗೆ ಹೋಗುತ್ತಿದ್ದರು. ತಂದ ಎಲೆಯನ್ನು ಕಡ್ಡಿ ಚುಚ್ಚಿ ಪತ್ರೋಳಿ ಮಾಡಿ, ಊಟದ ಆ ಎಲೆಗಳನ್ನು ಸಂತೆಗೆ ಕಳಿಸುತ್ತಿದ್ದೆವು. ಅಕ್ಕನಿಗೂ ನನಗೂ ಅದೇ ಕೆಲಸ. ಆಗ ಇಬ್ಬರಿಗೂ ಮದುವೆಯಾಗಿರಲಿಲ್ಲ.

ಅಕ್ಕ ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ರಾತ್ರಿ ಆ ದಾರಿಯಲ್ಲಿ ಯಾರು ಓಡಾಡಿದ್ದಾರೆ ಎಂಬುದನ್ನು ಬಿದ್ದ ಹಿಕ್ಕೆ ನೋಡಿ ಹೇಳುತ್ತಿದ್ದಳು. ಮೊಲದ್ದು ಗುಂಡಗೆ, ಮುರಿದರೆ ಒಣ ಹುಲ್ಲಿನ ಪುಡಿ. ಜಿಂಕೆಯದಕ್ಕೆ ಒಂದು ತುದಿಯಲ್ಲಿ ಸಣ್ಣ ಚೂಪು. ಎಲುಬು ತಿನ್ನುವ ಕತ್ತೆಕಿರುಬನದು ಒಣಗಿದರೆ ಸುಣ್ಣದ ಹಾಗೆ ಬೆಳ್ಳಗೆ. ಚಿರತೆಯದರಲ್ಲಿ ಕೂದಲು ಹುರಿ ಹೊಸೆದಂತೆ ಸುತ್ತಿಕೊಂಡಿರುತ್ತಿತ್ತು. ಅಕ್ಕ ಕಡ್ಡಿಯಿಂದ ಕೆದಕಿ, ಒಳಗೆ ಹಸಿ ಇದೆಯೋ ಇಲ್ಲವೋ ನೋಡಿ, ಮುಂದೆ ಹೋಗಬಹುದೋ ಬೇಡವೋ ಹೇಳುತ್ತಿದ್ದಳು.

"ಮಂದಿ ಮಾರಿ ನೋಡಿ ಗುರುತ ಹಿಡೀತಾರ, ನೀ ಹೇಲ ನೋಡಿ ಹಿಡೀತಿ. ನಿನ್ನ ಮಾಡ್ಕೊಳ್ಳಾಂವನ ಗತಿ ಏನ ಬೇ?" ಎಂದು ಬಾಜೂಮನಿ ಕಾಕು ಕಾಡಿಸುತ್ತಿದ್ದಳು.

"ಮಾರಿ ಸುಳ್ಳ ಹೇಳ್ತೈತ್ರಿ ಕಾಕು. ಇದು ಹೇಳಂಗಿಲ್ಲ," ಎನ್ನುತ್ತಿದ್ದಳು ಅಕ್ಕ.

ಎಲೆಗೆ ಹೋಗುವ ಹೆಂಗಸರಲ್ಲಿ ಒಂದು ಕಟ್ಟಳೆ ಇತ್ತು. ಮುಂದೆ ಹೋದವಳು ಕರಡಿಯ ಹಸಿ ಹೇಲು ಕಂಡರೆ ಅದರ ಮೇಲೆ ಒಂದು ಹಸಿ ಟೊಂಗೆ ಮುರಿದು ಅಡ್ಡ ಇಟ್ಟು ತಿರುಗಿ ಬರಬೇಕು. ಹಿಂದೆ ಬಂದವರು ಟೊಂಗೆ ನೋಡಿ ಅಲ್ಲಿಂದಲೇ ಹಿಂದಿರುಗಬೇಕು. ಕವಳಿ ಹಣ್ಣಾಗುವ ದಿನಗಳಲ್ಲಂತೂ ಇದನ್ನು ಯಾರೂ ಮೀರುತ್ತಿರಲಿಲ್ಲ. ಕರಡಿ ಕವಳಿ ಮೆಳೆಯೊಳಗೇ ಬಿದ್ದುಕೊಂಡಿರುತ್ತದೆ. ಹತ್ತಿರ ಹೋಗುವವರೆಗೆ ಅದು ನಮಗೆ ಕಾಣುವುದಿಲ್ಲ, ನಾವು ಅದಕ್ಕೆ ಕಾಣುವುದಿಲ್ಲ.

ಆ ವರ್ಷ ಒಂದು ದಿನ ಮುಂದೆ ಹೋದವಳು ನಾನು. ಬಂಡೆಯ ಮೇಲೆ ಕವಳಿ ಬೀಜ ತುಂಬಿದ ಹೇಲು ಕಂಡಿತು. ಟೊಂಗೆ ಮುರಿದು ಇಟ್ಟೆ. ಎಲ್ಲರೂ ಬರಿಗೈಯಲ್ಲಿ ಮನೆಗೆ ಬಂದರು. ಮರುದಿನ ಸಂತೆ, ಯಾರ ಮನೆಯಲ್ಲೂ ಎಲೆ ಇರಲಿಲ್ಲ. ಸಂಜೆ ಅಕ್ಕ ಹೋಗಿ ನೋಡಿ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅದು ಪುನುಗಿನ ಬೆಕ್ಕಿಂದ ಲೇ! ಕರಡಿ ಅಷ್ಟ ಸಣ್ಣಗ ಹೇತರ ಅದಕ್ಕ ಔಷಧ ಕೊಡಸಬೇಕಾಕ್ಕೈತಿ."

ಓಣಿಯೇ ನಕ್ಕಿತು. ಅಂದಿನಿಂದ ಕಾಕು ನನಗೆ ಕರಡೆವ್ವ ಎಂದು ಹೆಸರಿಟ್ಟಳು. ನೀರಿಗೆ ಹೋದರೆ, "ಏನ ಬೇ ಕರಡೆವ್ವಾ, ಇವತ್ತ ಯಾವ ಬೆಕ್ಕಿಗೆ ಅಂಜಿದಿ?" ಅನ್ನುವಳು. ರಾತ್ರಿ ಊಟಕ್ಕೆ ಕೂತಾಗ ಅಕ್ಕ ಮೆಲ್ಲಗೆ ಕಲಿಸಿದಳು: "ಬೆಕ್ಕು ಕಲ್ಲಿನ ಮ್ಯಾಲ ಹಾಕ್ತೈತಿ, ಬೆರಳಿನಷ್ಟ ದಪ್ಪ. ಕರಡಿ ಹಾದ್ಯಾಗ ಗುಂಪಿ ಸುರೀತೈತಿ. ಬೀಜದ ಜೋಡಿ ಇರುವಿ ಇರ್ತಾವ, ಹುತ್ತಿನ ಮಣ್ಣ ಇರ್ತೈತಿ. ನೆನಪಿಟ್ಕೊ." ನಾನು ಸಿಟ್ಟಿಗೆ ಗಂಗಾಳ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತೆ. ಆದರೆ ನೆನಪಿಟ್ಟುಕೊಂಡೆ.

ಕೆಲವು ದಿನಗಳಾದ ಮೇಲೆ ಒಂದು ಮುಂಜಾನೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. "ನೀ ಮುಂದ ನಡಿ, ನಾ ಹಿಂದ ಬರ್ತೀನಿ," ಎಂದಳು. ನಾನೊಬ್ಬಳೇ ಹೊರಟೆ. ಹಳ್ಳ ದಾಟಿ, ಕವಳಿ ಮೆಳೆ ಶುರುವಾಗುವಲ್ಲಿ, ದಾರಿಯ ನಡುವೆ ಗುಂಪಿ ಬಿದ್ದಿತ್ತು. ಕೆಂಪು ಬೀಜ. ಇರುವೆಯ ತಲೆಗಳು. ಹುತ್ತಿನ ಮಣ್ಣು. ಹುಳಿ ವಾಸನೆ. ಕಡ್ಡಿಯಿಂದ ಕೆದಕಿದೆ, ಒಳಗೆ ಇನ್ನೂ ಬೆಚ್ಚಗಿದ್ದಂತಿತ್ತು.

ಅದು ಕರಡಿಯದೇ ಎಂದು ನನಗೆ ಗೊತ್ತಾಯಿತು. ಪಕ್ಕದಲ್ಲೇ ಗಿಡವಿತ್ತು. ಟೊಂಗೆಗೆ ಕೈ ಹಾಕಿದೆ ಕೂಡ. ಆಗ ಕಾಕುವಿನ ನಗು ಕಿವಿಯಲ್ಲಿ ಕೇಳಿದಂತಾಯಿತು... ಅಕ್ಕನ ನಗುವೂ. ಮತ್ತೆ ಬೆಕ್ಕಿನದಾಗಿಬಿಟ್ಟರೆ? ಅಕ್ಕ ಜಾಣೆ ಅಲ್ಲವೇ, ಬಂದು ತಾನೇ ನೋಡಿಕೊಳ್ಳಲಿ ಎಂಬ ಸಿಟ್ಟೂ ಇತ್ತು. ಕೈ ಬಿಟ್ಟೆ. ಹಿಂದೆ ಬರುವವರು ಎದುರಿಗೆ ಸಿಕ್ಕರೆ ಯಾಕೆ ತಿರುಗಿದೆ ಎಂದು ಕೇಳುತ್ತಾರೆಂದು ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಹಾಯ್ದು ಮನೆಗೆ ಬಂದೆ. ಅಷ್ಟರಲ್ಲಿ ಅಕ್ಕ ಅಡವಿಗೆ ಹೊರಟುಹೋಗಿದ್ದಳು. ಹೊಟ್ಟೆನೋವು ಎಂದು ಅವ್ವನಿಗೆ ಹೇಳಿ ಕಂಬಳಿ ಹೊದ್ದು ಮಲಗಿದೆ. ನನ್ನ ಜೀವ ಉಳಿಸಿಕೊಳ್ಳುವಷ್ಟು ನಂಬಿಕೆ ನನ್ನ ಗುರುತಿನ ಮೇಲೆ ಇತ್ತು. ಮಂದಿಯ ನಗೆಗೆ ಎದುರು ನಿಲ್ಲುವಷ್ಟು ಇರಲಿಲ್ಲ.

ಹೊತ್ತೇರುವ ಮೊದಲೇ ಓಣಿಯಲ್ಲಿ ಬೊಬ್ಬೆ ಎದ್ದಿತು. ಹಿಂದಿನಿಂದ ಹೋಗಿದ್ದ ಕಾಕು ಮತ್ತು ಉಳಿದ ಹೆಂಗಸರು ಕುಡುಗೋಲು ಬಡಿದು ಕೂಗಿ ಕರಡಿಯನ್ನು ಓಡಿಸಿದ್ದರು. ಅದು ಮರಿ ಇದ್ದ ಕರಡಿ. ಅಕ್ಕನನ್ನು ಹೊರಸಿನ ಮೇಲೆ ಹೊತ್ತು ತಂದರು. ಮುಖದ ಮೇಲೆ ಯಾರದೋ ಸೀರೆ ಹೊದಿಸಿದ್ದರು. ಆ ಸೀರೆಯ ಬಣ್ಣ ಯಾವುದೆಂದು ತಿಳಿಯುತ್ತಿರಲಿಲ್ಲ...

ಹುಬ್ಬಳ್ಳಿಯ ದವಾಖಾನೆಯಲ್ಲಿ ಅಕ್ಕ ಬದುಕಿದಳು. ಎಡಗಣ್ಣು ಹೋಯಿತು, ದವಡೆ ಸೊಟ್ಟಗಾಯಿತು. ಮಾತಾಡಲು ಬಂದ ದಿನ ಅವ್ವ ಕೇಳಿದಳು, "ಇಷ್ಟ ತಿಳದಾಕಿ, ನೆಲಾ ನೋಡಲಿಲ್ಲೇನ ಬೇ?"

ಅಕ್ಕ ತಡೆದು ತಡೆದು ಹೇಳಿದಳು. "ನೋಡಿದ್ನಿ ಬೇ. ಹಸೇದಿತ್ತು. ಮ್ಯಾಲ ಟೊಂಗಿ ಇರಲಿಲ್ಲ. ತಂಗಿಗೆ ಗುರುತ ಸಿಕ್ಕಿಲ್ಲ, ಒಳಗ ಹೋಗಿಬಿಟ್ಟಾಳ ಅಂತ ಹುಡುಕ್ಕೋಂತ ಹೋದ್ನಿ." ಆಮೇಲೆ ಉಳಿದ ಕಣ್ಣಿನಿಂದ ನನ್ನನ್ನು ನೋಡಿದಳು. "ನಾ ನಿನಗ ಛಲೋತ್ನಂಗ ಕಲಿಸಲಿಲ್ಲಲೇ ತಂಗೆವ್ವಾ. ನಂದ ತಪ್ಪ."

ನಾನು ಅಡವಿಯವರೆಗೆ ಹೋಗೇ ಇರಲಿಲ್ಲ, ಹಳ್ಳದಿಂದಲೇ ಹೊಟ್ಟೆನೋವೆಂದು ತಿರುಗಿದ್ದೆ ಎಂದು ಅಷ್ಟರಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಅಕ್ಕನಿಗೂ ಅದನ್ನೇ ಹೇಳಿದೆ. "ಹೌದ? ಛಲೋ ಆತ ಬಿಡ," ಎಂದಳು. ಆದರೂ ನನಗೆ ಸರಿಯಾಗಿ ಕಲಿಸಿದ್ದರೆ ಹುಡುಕುತ್ತ ಒಳಗೆ ಹೋಗುತ್ತಲೇ ಇರಲಿಲ್ಲ ಎಂಬ ಕೊರಗು ಅವಳನ್ನು ಬಿಡಲಿಲ್ಲ.

ಆ ಮಳೆಗಾಲದಲ್ಲಿ ಅಕ್ಕನನ್ನು ನೋಡಲು ಬರಬೇಕಾದ ಗಂಡಿನವರು ಬರಲಿಲ್ಲ. ಮುಂದೆ ಮಿಶ್ರಿಕೋಟಿಯಿಂದ ನನ್ನನ್ನು ನೋಡಲು ಬಂದರು. ಅಂದು ನನ್ನ ಜಡೆ ಹೆಣೆದವಳು ಅಕ್ಕನೇ. ಗಾಡಿಯ ಸಪ್ಪಳ ಕೇಳಿದ್ದೇ ಒಳಗೆ ಹೋಗಿ ಕದ ಹಾಕಿಕೊಂಡಳು. ನಾನು ಮದುವೆಯಾಗಿ ಮಿಶ್ರಿಕೋಟಿಗೆ ಬಂದೆ. ಅವಳು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು, ಬೇರೆಯವರು ತಂದ ಎಲೆಗೆ ಕಡ್ಡಿ ಚುಚ್ಚುತ್ತ ತವರಿನಲ್ಲೇ ಉಳಿದಳು. ಹೋದಾಗಲೆಲ್ಲ ಹೇಳಬೇಕೆಂದುಕೊಳ್ಳುತ್ತಿದ್ದೆ. ಒಮ್ಮೆ "ಅಕ್ಕಾ, ಅವತ್ತ..." ಎಂದು ತೆಗೆದೆ. "ಅದನ್ಯಾಕ ತಗೀತಿ? ಚಾ ಆರ್ತೈತಿ ಕುಡಿ," ಎಂದಳು. ಕುಡಿದೆ. ಬಸ್ಸಿಗೆ ಹೊತ್ತಾಗಿತ್ತು...

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಆ ದಿನ ಒಂದು ಪೊಟ್ಟಣ ಕವಳಿ ಕೊಂಡು, ಮನೆಗೆ ಹೋಗದೆ ತವರಿನ ಬಸ್ ಹತ್ತಿದೆ. ಕಾಕು ಇನ್ನೂ ಇದ್ದಾಳೆ, ಸೊಂಟ ಬಾಗಿದೆ. ಅಕ್ಕನನ್ನು ಮಣ್ಣು ಮಾಡಿದ ಹೊಲಕ್ಕೆ ಕೋಲು ಊರಿಕೊಂಡು ಅವಳೂ ನನ್ನ ಜೊತೆ ಬಂದಳು. ಹಣ್ಣು ಇಟ್ಟೆ. ಕಾಕು ಕಣ್ಣೊರೆಸಿಕೊಂಡು, "ನಿನ್ನ ಹುಡುಕಾಕ ಹೋಗಿ ಬಾಳೇ ಹಾಳಾತ ಆಕೀದು. ನೀ ಏನ ಮಾಡ್ತಿ, ನಿನಗ ಗೊತ್ತಿರಲಿಲ್ಲ," ಎಂದಳು.

ಇಷ್ಟು ವರ್ಷ ಯಾರು ಈ ಮಾತು ಹೇಳಿದರೂ ನಾನು ಹೌದೆಂದು ಗೋಣು ಹಾಕುತ್ತಿದ್ದೆ. ಆ ದಿನ ಗೋಣು ಹಾಕಲಿಲ್ಲ. ಕಾಕುವಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ:

"ಅಕ್ಕಾ, ನೀ ಛಲೋತ್ನಂಗ ಕಲಿಸಿದ್ದಿ. ನಾ ಗುರುತ ಹಿಡಿದಿದ್ನಿ. ಟೊಂಗಿ ಇಡದ ಬಂದ್ನಿ. ನನ್ನ ತಪ್ಪಾತು ಬೇ, ನನ್ನ ತಪ್ಪಾತು."